ಸಮನ್ವಯ ಶಿಕ್ಷಣ: ಶಾಲೆ ಮುಗಿದ ಮೇಲೆ ಮುಂದೇನು?

ಬೆಂಗಳೂರು-ಅರಸೀಕೆರೆ ರೈಲು ಮಾರ್ಗದಲ್ಲಿರುವ ನಿಟ್ಟೂರು ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂತಹ ಊರಿನಲ್ಲಿ ವಿಶೇಷ ಅಗತ್ಯವುಳ್ಳ ಮಗುವಿನ ಪಾಲಕರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಶಾಲೆ ಮುಗಿದ ಮೇಲೆ ಮುಂದೇನು? ಮೊದಲನೆಯದಕ್ಕೆ ಕಾಯಿದೆಯಲ್ಲಿ ಸ್ಪಷ್ಟ ಉತ್ತರವಿದೆ. ಎರಡನೆಯದಕ್ಕೆ ಸಿದ್ಧತೆ ಶಾಲೆಯಲ್ಲಿರುವಾಗಲೇ ಆರಂಭವಾಗಬೇಕು.

ಕಾಯಿದೆ ಹೇಳುವುದೇನು?

1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಪಟ್ಟಿ ಮಾಡಿದ್ದು, ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಅದರಲ್ಲಿ ಸೇರಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಬಯಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಶಾಲೆಗೆ ಬರಲಾಗದಷ್ಟು ತೀವ್ರ ಸ್ವರೂಪದ ವೈಕಲ್ಯವಿದ್ದಲ್ಲಿ ಗೃಹಾಧಾರಿತ ಶಿಕ್ಷಣಕ್ಕೆ ಅವಕಾಶವುಂಟು.

ನೆರವು ಎಲ್ಲಿ?

ನಿಟ್ಟೂರಿನ ಪಾಲಕರು ಮೊದಲು ಸಂಪರ್ಕಿಸಬೇಕಾದುದು ಗುಬ್ಬಿಯ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಈ ಕೇಂದ್ರಗಳ ಮೂಲಕವೇ ಶಾಲೆಗಳಿಗೂ ಮನೆಗಳಿಗೂ ಭೇಟಿ ನೀಡುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸರ್ಕಾರಿ ಸೌಲಭ್ಯಗಳ ಮಾಹಿತಿ ಒದಗಿಸುತ್ತಾರೆ. ಸೌಲಭ್ಯಗಳಿಗೆ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಆಧಾರ. ಇದನ್ನು ವೈದ್ಯಕೀಯ ತಪಾಸಣೆಯ ಬಳಿಕ ನೀಡಲಾಗುತ್ತದೆ.

ಬದುಕಿನ ಪಾಠ

ತರಗತಿಯಲ್ಲಿ ಕೂರಿಸಿದ ಮಾತ್ರಕ್ಕೆ ಸಮನ್ವಯವಾಗದು. ಬಟ್ಟೆ ತೊಡುವುದು, ಸ್ವಚ್ಛತೆ, ಹಣದ ಲೆಕ್ಕ, ತನಗಾಗದ ಸ್ಪರ್ಶವನ್ನು ನಿರಾಕರಿಸುವುದು, ನೆರವು ಕೇಳುವುದು ಇವೆಲ್ಲವೂ ಕಲಿಕೆಯೇ. ಗುಬ್ಬಿಗೆ ಹೋಗುವ ಬಸ್ಸನ್ನು ಗುರುತಿಸಿ ಹತ್ತುವುದು, ಸಂತೆಯಲ್ಲಿ ಚಿಲ್ಲರೆ ಎಣಿಸಿ ಪಡೆಯುವುದು ಪಠ್ಯದಷ್ಟೇ ಮುಖ್ಯ. ತೆಂಗು ಬೆಳೆಯುವ ಈ ಸೀಮೆಯಲ್ಲಿ ನಾರಿನ ಕೆಲಸ, ಕೊಬ್ಬರಿ ವಿಂಗಡಣೆ, ಸಸಿಗಳ ಆರೈಕೆಯಂತಹ ಕಸುಬುಗಳನ್ನು 14-15ರ ವಯಸ್ಸಿನಿಂದಲೇ ಆಸಕ್ತಿ ಗಮನಿಸಿ ಪರಿಚಯಿಸಬಹುದು. ಆದರೆ ಅದು ಕಲಿಕೆಯಾಗಿರಬೇಕೇ ಹೊರತು ದುಡಿಮೆಯಾಗಬಾರದು.

18 ತುಂಬಿದಾಗ

ಬಹಳಷ್ಟು ಪಾಲಕರು ಎಡವುವುದು ಇಲ್ಲಿಯೇ. 18 ವರ್ಷ ತುಂಬಿದ ವ್ಯಕ್ತಿ ಕಾನೂನಿನ ದೃಷ್ಟಿಯಲ್ಲಿ ವಯಸ್ಕ. ತಂದೆ-ತಾಯಿಯ ಪಾಲಕತ್ವ ತಾನಾಗಿ ಮುಂದುವರಿಯದು. ಆಟಿಸಂ, ಮಿದುಳು ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯ ಉಳ್ಳವರಿಗೆ ಪಾಲಕರನ್ನು ನೇಮಿಸುವಂತೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಎಲ್ಲರಿಗೂ ಇದರ ಅಗತ್ಯವಿಲ್ಲ. ಸ್ವತಃ ನಿರ್ಧರಿಸಬಲ್ಲವರ ನಿರ್ಧಾರವನ್ನು ಗೌರವಿಸುವುದೇ ಸರಿಯಾದ ಕ್ರಮ.

2016ರ ಕಾಯಿದೆಯು ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟುಗಳನ್ನು, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿಯನ್ನು ಕಲ್ಪಿಸಿದೆ. ಆದರೆ ಬಸ್ ಹತ್ತಿ ಪಟ್ಟಣದ ಕಾಲೇಜು ತಲುಪುವ ಧೈರ್ಯವನ್ನು ಯಾವ ಮೀಸಲಾತಿಯೂ ಕೊಡದು. ಅದನ್ನು ಮನೆ ಮತ್ತು ಊರಿನ ಶಾಲೆ ಜೊತೆಗೂಡಿ ಕಲಿಸಬೇಕಾಗಿದೆ.