ಅಂಬಾರಿಗೆ ಅರ್ಹನಾರು

ಹುಣಸೂರಿನಿಂದ ನಾಗರಹೊಳೆಯತ್ತ ಸಾಗುವವರಿಗೆ ಅಡವಿಯ ಬಾಗಿಲೆನಿಸಿದ ವೀರನಹೊಸಹಳ್ಳಿಯು ನಾಡಿನ ದೃಷ್ಟಿಯನ್ನೆಲ್ಲ ತನ್ನೆಡೆಗೆ ಸೆಳೆದುಕೊಳ್ಳುವುದು ವರ್ಷಕ್ಕೊಮ್ಮೆ, ಗಜಪಯಣದ ದಿನ. ಮತ್ತಿಗೋಡು, ಬಳ್ಳೆ, ದುಬಾರೆ, ಭೀಮನಕಟ್ಟೆ ಮೊದಲಾದ ಶಿಬಿರಗಳಿಂದ ಆಯ್ದು ಕರೆತಂದ ಆನೆಗಳು ಅಲ್ಲಿ ಪೂಜೆಗೊಂಡು, ಕಬ್ಬು ಬೆಲ್ಲಗಳ ಸತ್ಕಾರವನ್ನು ಸ್ವೀಕರಿಸಿ, ದಸರೆಗಾಗಿ ಮೈಸೂರಿಗೆ ಹೊರಡುತ್ತವೆ. ಪೂರ್ವದಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರುಗಳ ಆ ಹಾದಿಯನ್ನು ಅವು ಮಾವುತ ಕಾವಾಡಿಗಳೊಡನೆ ನಡೆದೇ ಕ್ರಮಿಸುತ್ತಿದ್ದುವು. ಈಗ ಲಾರಿಗಳು ಬಂದಿವೆ. ನೆರೆದ ಜನ ಇದನ್ನು ಉತ್ಸವದ ಆರಂಭವೆಂದೆಣಿಸುವುದು ಸಹಜವೇ. ಆದರೆ ಅಷ್ಟು ಹೊತ್ತಿಗೆ ಶಿಬಿರಗಳಲ್ಲಿ ದೀರ್ಘವಾದ ಪರೀಕ್ಷೆಯೊಂದು ಮುಗಿದಿರುತ್ತದೆ: ಯಾವ ಆನೆ ಹೋಗತಕ್ಕದ್ದು, ಯಾವುದು ಕಾಡಿನಲ್ಲೇ ಉಳಿಯತಕ್ಕದ್ದು, ಹೋದವುಗಳಲ್ಲಿ ಚಿನ್ನದ ಅಂಬಾರಿಗೆ ಬೆನ್ನು ಕೊಡತಕ್ಕದ್ದು ಯಾವುದು.

ಈ ವಿಚಾರ ನಮ್ಮಲ್ಲಿ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಜಗಳ ವಿಷಯಕ್ಕೆ ವಿಸ್ತಾರವಾದ ಸ್ಥಾನವುಂಟು, ಭದ್ರ, ಮಂದ, ಮೃಗವೆಂದು ಆನೆಗಳನ್ನು ವಿಭಾಗಿಸಿದ ನಮ್ಮ ಗಜಶಾಸ್ತ್ರವು ಮೈಕಟ್ಟಿನಷ್ಟೇ ಮನೋಧರ್ಮವನ್ನೂ ಗಣನೆಗೆ ತಂದುಕೊಂಡಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ತರುವಾಯ, ಕಾಲಕ್ರಮದಲ್ಲಿ, ಅರಮನೆಯ ಆನೆಗಳಿಗೆ ಪಟ್ಟದ ಆನೆ, ನಿಶಾನೆ ಆನೆ, ನೌಫತ್ ಆನೆ, ಸಾಲಾನೆಗಳೆಂಬ ಪದವಿಗಳು ಸ್ಥಿರವಾದುವು. ಅಂಬಾರಿಯನ್ನು ಹೊತ್ತ ಜಯಮಾರ್ತಾಂಡನ ಹೆಸರನ್ನು ಅರಮನೆಯ ಒಂದು ದ್ವಾರವು ಇಂದಿಗೂ ಧರಿಸಿದೆ. ದೊರೆಗಳಿಗಲ್ಲದೆ ಆನೆಗೂ ಸಂದ ಇಂಥ ಗೌರವವನ್ನು ನೆನೆದಾಗಲೆಲ್ಲ ಮನಸ್ಸಿಗೆ ಹಿತವಾಗುತ್ತದೆ.

ಆಗ ಆಯ್ಕೆಗೆ ಆನೆಗಳ ಕೊರತೆಯಿರಲಿಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆಯ ಅಡವಿಯಲ್ಲಿ ಕಾಡಾನೆಗಳನ್ನು ಸೆರೆಹಿಡಿಯಲು ನಡೆಯುತ್ತಿದ್ದ ಖೆಡ್ಡಾಗಳು ಹಿಂಡುಹಿಂಡಾಗಿ ಆನೆಗಳನ್ನು ಒದಗಿಸುತ್ತಿದ್ದುವು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಆ ನೆಲದ ಬಹುಭಾಗವನ್ನು ಬಳಿಕ ಕಬಿನಿಯ ಹಿನ್ನೀರು ಆವರಿಸಿತು. ರಾಜಧನ ರದ್ದಾದುದೂ ಅದೇ ವರ್ಷ. ಅಂದಿನಿಂದ ದಸರೆ ಸರ್ಕಾರದ ಹೊಣೆಯಾಗಿ, ಅಂಬಾರಿಯಲ್ಲಿ ಅರಸರ ಬದಲಿಗೆ ಚಾಮುಂಡೇಶ್ವರಿಯ ಮೂರ್ತಿ ಆಸೀನವಾಯಿತು. ಆನೆಯನ್ನು ಆರಿಸುವ ಕೆಲಸ ಅರಣ್ಯ ಇಲಾಖೆಯದಾಯಿತು.

ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಅದರ ಕೆಳಗಿನ ಗಾದಿ, ನಮ್ದಾಗಳ ಭಾರ ಬೇರೆ. ಇಷ್ಟನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ನಡೆಯಬೇಕು. ಬಲವೊಂದೇ ಸಾಕಾಗಿದ್ದರೆ ಆಯ್ಕೆ ಸುಲಭವಾಗುತ್ತಿತ್ತು. ಇಕ್ಕೆಲಗಳಲ್ಲಿ ಲಕ್ಷಾಂತರ ಜನರು ಕೂಗುತ್ತಿರುವಾಗ, ಕುಶಾಲತೋಪುಗಳು ಸಿಡಿಯುತ್ತಿರುವಾಗ, ಮಾವುತನ ಕಾಲಿನ ಸಂಜ್ಞೆಯೊಂದನ್ನೇ ನಂಬಿ ಅಡಿಯಿಡಬಲ್ಲ ಸ್ಥೈರ್ಯವಿಲ್ಲದಿದ್ದರೆ ಐದು ಟನ್ನಿನ ದೇಹ ಅಪಾಯವೇ ಹೊರತು ಭೂಷಣವಲ್ಲ. ಆದುದರಿಂದಲೇ ಮೈಸೂರು ಸೇರಿದ ಮೇಲೂ ವಾರಗಟ್ಟಲೆ ತಾಲೀಮು; ಮೊದಲು ಮರಳಿನ ಮೂಟೆ, ಅನಂತರ ಮರದ ಅಂಬಾರಿ, ನಡುವೆ ತೋಪಿನ ಸದ್ದಿನ ಅಭ್ಯಾಸ. ಮದವೇರುವ ಕಾಲ ಸಮೀಪಿಸಿದ ಸಲಗಗಳನ್ನು ಬಿಡುತ್ತಾರೆ. ಪಕ್ಕದಲ್ಲಿ ನಡೆಯುವ ಕುಮ್ಕಿ ಹೆಣ್ಣಾನೆಗಳಿಗೂ ಪರೀಕ್ಷೆಯುಂಟು. 2022ರಲ್ಲಿ ದಸರೆಗೆ ಬಂದ ಲಕ್ಷ್ಮಿಯು ಅರಮನೆಯ ಆವರಣದಲ್ಲೇ ಮರಿಹಾಕಿದ ಮೇಲೆ, ಗರ್ಭಪರೀಕ್ಷೆಯನ್ನು ಇನ್ನಷ್ಟು ನಿಷ್ಠೆಯಿಂದ ನಡೆಸುತ್ತಿದ್ದಾರೆ.

ಪರೀಕ್ಷೆಯ ಮರ್ಮ ತಿಳಿಯಬೇಕಾದರೆ ಬಲರಾಮ ಅರ್ಜುನರ ವೃತ್ತಾಂತವನ್ನು ನೋಡಬೇಕು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾದ ಅರ್ಜುನನು ಗಾತ್ರದಲ್ಲಿಯೂ ಗಾಂಭೀರ್ಯದಲ್ಲಿಯೂ ಅದ್ವಿತೀಯನೆನಿಸಿದ್ದನು. ಆದರೆ 1996ರಲ್ಲಿ ಮೈಸೂರಿನಲ್ಲಿ ಅವನ ಕಾಲಡಿಗೆ ಸಿಕ್ಕಿ ಮಾವುತನೊಬ್ಬನು ಮೃತನಾದನು. ಹಿಂದೆ ಅಂಬಾರಿ ಹೊರುತ್ತಿದ್ದ ದ್ರೋಣನೆಂಬ ಆನೆಯ ತರುವಾಯ, 1999ರಿಂದ 2011ರವರೆಗೆ, ಹದಿಮೂರು ಬಾರಿ ಅಂಬಾರಿ ಹೊತ್ತವನು ಸಾಧುಸ್ವಭಾವದ ಬಲರಾಮ. ಅರ್ಜುನನ ಸರದಿ ಬಂದದ್ದು 2012ರಲ್ಲಿ. ಆ ಸುದೀರ್ಘ ನಿರೀಕ್ಷೆಯನ್ನು ನಾನು ಅನ್ಯಾಯವೆನ್ನಲಾರೆ. 2019ರವರೆಗೆ ಎಂಟು ಬಾರಿ ಅವನು ತೋರಿದ ಸಂಯಮವು ಕಾಯಿಸಿದವರ ವಿವೇಕವನ್ನೂ ಒಪ್ಪಿಸಿದವರ ವಿವೇಕವನ್ನೂ ಸಮರ್ಥಿಸಿತು.

ಹಿಂದಿನ ಸಾಧನೆ ದೊಡ್ಡದೋ, ಇಂದಿನ ಕ್ಷಮತೆ ದೊಡ್ಡದೋ ಎಂಬ ಈ ಪ್ರಶ್ನೆ ದೂರದ ಅಮೆರಿಕದಲ್ಲಿಯೂ ಕೋಲಾಹಲವೆಬ್ಬಿಸಿದೆ. ಅಲ್ಲಿನ ಕಾಲೇಜು ಫುಟ್‌ಬಾಲಿನ ಅಂತಿಮ ಹಣಾಹಣಿಗೆ ತಂಡಗಳನ್ನು ಒಂದು ಸಮಿತಿ ಆರಿಸುತ್ತದೆ. 2023ರಲ್ಲಿ ಹದಿಮೂರು ಪಂದ್ಯಗಳನ್ನೂ ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು, ಅದರ ಮುಖ್ಯ ಆಟಗಾರನು ಗಾಯಗೊಂಡಿದ್ದನೆಂಬುದನ್ನು ಗಣಿಸಿ, ಆ ಸಮಿತಿಯು ಆಯ್ದ ನಾಲ್ಕು ತಂಡಗಳ ಪಂಕ್ತಿಯಿಂದ ಹೊರಗಿಟ್ಟಿತು. ಗೆದ್ದವರಿಗೆ ಅದು ಸಹಿಸಲಾಗದ ತೀರ್ಪಾಯಿತು. ಆದರೆ ಆನೆಯ ವಿಷಯದಲ್ಲಿ ಇಂದಿನ ದೇಹಸ್ಥಿತಿಯೇ ಪ್ರಮಾಣವಾಗದೆ ಗತ್ಯಂತರವಿಲ್ಲ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ನಿಯಮವನ್ನನುಸರಿಸಿಯೇ ಅರ್ಜುನನನ್ನು ನಿವೃತ್ತಿಗೊಳಿಸಿ, 2020ರಲ್ಲಿ ಮತ್ತಿಗೋಡಿನ ಅಭಿಮನ್ಯುವಿಗೆ ಅಂಬಾರಿಯನ್ನೊಪ್ಪಿಸಿದರು.

ನಿಯಮ ಅಲ್ಲಿಗೇ ನಿಂತುಹೋಯಿತು. ಭಾರ ಹೊರಲು ವಯಸ್ಸಾಯಿತೆಂದು ಬಿಡುಗಡೆ ಪಡೆದ ಅದೇ ಅರ್ಜುನನನ್ನು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮದವೇರಿದ್ದ ಸಲಗದೊಡನೆ ಕಾದಾಡುತ್ತ ಅವನು ಅಸುನೀಗಿದನು. ಐದು ಕಿಲೋಮೀಟರಿನ ನಡಿಗೆಗೆ ಅಶಕ್ತವೆಂದೆಣಿಸಿದ ದೇಹ ದ್ವಂದ್ವಯುದ್ಧಕ್ಕೆ ಶಕ್ತವಾದುದು ಹೇಗೆ?

ಅಭಿಮನ್ಯುವೂ ಈಗ ಅರವತ್ತರ ಹೊಸ್ತಿಲಲ್ಲಿದ್ದಾನೆ. ಶ್ರೀರಂಗಪಟ್ಟಣದ ದಸರೆಯಲ್ಲಿ ಅಂಬಾರಿ ಹೊತ್ತ ಮಹೇಂದ್ರನೇ ಮೊದಲಾದವರ ಹೆಸರು ಜನರ ನಾಲಗೆಯ ಮೇಲಿದೆ. ಉತ್ತರಾಧಿಕಾರಿಯನ್ನು ಇಲಾಖೆಯವರು ಎಂದಿನ ತಾಳ್ಮೆಯಿಂದಲೇ ಆರಿಸಲಿ, ಆನೆಯೊಡನೆ ಬಾಳುವ ಜೇನುಕುರುಬ ಮಾವುತರ ಮಾತಿಗೆ ಮೊದಲ ಮನ್ನಣೆ ಕೊಡಲಿ. ಮತ್ತು ಅಂಬಾರಿಯಿಂದ ಇಳಿಸಿದ ಆನೆಯನ್ನು ಕಾಡಾನೆಯ ಎದುರಿಗೂ ನಿಲ್ಲಿಸಕೂಡದೆಂದು ಆಜ್ಞೆ ಹೊರಡಿಸಲಿ.