ಯೇನಾದ ಗುಲ್ಡನ್: ರಣವೀಳ್ಯವೋ, ಸಂಚಕಾರವೋ?

1524ರ ಆಗಸ್ಟ್ 22ರಂದು ಜರ್ಮನಿಯ ಯೇನಾದ ‘ಕಪ್ಪು ಕರಡಿ’ ಎಂಬ ಛತ್ರದಲ್ಲಿ ಮತಸುಧಾರಕರಾದ ಮಾರ್ಟಿನ್ ಲೂಥರ್ ಮತ್ತು ಆಂಡ್ರಿಯಾಸ್ ಕಾರ್ಲ್‌ಸ್ಟಾಟ್ ಎದುರುಬದುರು ಕುಳಿತರು. 1512ರಲ್ಲಿ ಲೂಥರನಿಗೆ ಡಾಕ್ಟರ್ ಪದವಿ ಕೊಟ್ಟವನು ಇದೇ ಕಾರ್ಲ್‌ಸ್ಟಾಟ್; 1519ರ ಲೈಪ್‌ಜಿಗ್ ವಾದದಲ್ಲಿ ಇಬ್ಬರದೂ ಒಂದೇ ಪಕ್ಷ. ವಿಗ್ರಹ, ಪ್ರಭುಭೋಜನಗಳ ವಿಷಯದಲ್ಲಿ ಅವರು ಬೇರೆಯಾದ ಕಥೆ ಸುಪರಿಚಿತ. 1905ರಲ್ಲಿ ಇತಿಹಾಸಕಾರ ಹರ್ಮನ್ ಬಾರ್ಗೆ ಕಾರ್ಲ್‌ಸ್ಟಾಟ್‌ನ ಪರ ನಿಂತದ್ದು, 1907ರಲ್ಲಿ ಕಾರ್ಲ್ ಮ್ಯೂಲರ್ ಅದನ್ನು ಅಲ್ಲಗಳೆದದ್ದು ಹಳೆಯ ಮಾತು. ನನ್ನ ತಕರಾರು ಒಂದು ನಾಣ್ಯದ್ದು.

ಅಂದು ಬೆಳಿಗ್ಗೆ ಲೂಥರ್ ದಂಗೆಕೋರ ಪ್ರವೃತ್ತಿಯ ವಿರುದ್ಧ ಉಪದೇಶ ಮಾಡಿದ್ದ. ಉಣ್ಣೆಯ ಟೋಪಿಯಲ್ಲಿ ಮುಖ ಮರೆಸಿ ಕೇಳುತ್ತಿದ್ದ ಕಾರ್ಲ್‌ಸ್ಟಾಟ್‌ಗೆ ತನ್ನನ್ನೂ ಬಂಡುಕೋರ ಬೋಧಕ ಮ್ಯೂಂಟ್ಸರ್‌ನ ಸಾಲಿಗೆ ಸೇರಿಸಿದನೆಂಬ ನೋವು. (ಎರಡು ವರ್ಷ ಹಿಂದೆ ಇದೇ ಛತ್ರದಲ್ಲಿ ವೇಷ ಮರೆಸಿ ಕೂತವನು ಲೂಥರ್!) ಮಾತು ಬಿಸಿಯೇರಿತು. ಕೊನೆಗೆ ಲೂಥರ್ ಜೇಬಿನಿಂದ ಒಂದು ಚಿನ್ನದ ಗುಲ್ಡನ್ ತೆಗೆದು, ನನ್ನ ವಿರುದ್ಧ ಧೈರ್ಯವಾಗಿ ಬರೆ ಎಂದು ಕೊಟ್ಟ. ಕಾರ್ಲ್‌ಸ್ಟಾಟ್ ಅದನ್ನು ನೆರೆದವರಿಗೆ ತೋರಿಸಿ, ಬಗ್ಗಿಸಿ, ಚೀಲಕ್ಕೆ ಹಾಕಿಕೊಂಡು ಕೈಕುಲುಕಿದ.

ಇದನ್ನು ರಣವೀಳ್ಯದಂತೆ, ಯುದ್ಧದ ಕರೆಯೆಂದು ಓದುವುದು ರೂಢಿ. ಆದರೆ ಈ ಭೇಟಿಯ ಬಗ್ಗೆ ಆಗ ಬರೆದ ವರದಿಯಲ್ಲಿ ಕಾರ್ಲ್‌ಸ್ಟಾಟ್ ಬಳಸಿದ ಪದ ‘ಅರ್ರಾಬೋ’. ಪೌಲನ ಪತ್ರಗಳ ಈ ಗ್ರೀಕ್ ಪದವನ್ನು ಕನ್ನಡ ಬೈಬಲು ‘ಸಂಚಕಾರ’ ಎನ್ನುತ್ತದೆ, ಅಂದರೆ ವ್ಯವಹಾರ ಕುದುರಿದಾಗ ಕೊಡುವ ಮುಂಗಡ. ಸಂಚಕಾರ ಕೊಟ್ಟವನೂ ಮಾತಿಗೆ ಕಟ್ಟುಬೀಳುತ್ತಾನೆ. ನಾಣ್ಯ ಬಗ್ಗಿಸಿದ್ದೂ ಇದಕ್ಕೇ ಇರಬಹುದು: ಇನ್ನದು ಖರ್ಚಿನ ಹಣವಲ್ಲ, ಗುರುತು. ಹಾಗಾದರೆ ಛತ್ರದಲ್ಲಿ ನಡೆದದ್ದು ಎದುರಾಳಿಗೆ ಬರೆಯುವ ಹಕ್ಕನ್ನು ಸಾಕ್ಷಿಗಳ ಮುಂದೆ ಒಪ್ಪಿದ ಕರಾರು. ಭಿನ್ನಮತದಲ್ಲಿ ಕ್ರೈಸ್ತ ಗೌರವವೆಂದರೆ ಮೆದುಮಾತಷ್ಟೇ ಅಲ್ಲ, ಮರುಮಾತಿಗೆ ಜಾಗ ಕೊಡುವುದು ಎಂಬ ತಿಳಿವಳಿಕೆ ಅದರಲ್ಲಿದೆ ಎಂದು ನನಗನಿಸುತ್ತದೆ.

ಇಲ್ಲಿ ಎಚ್ಚರ ಬೇಕು. ವರದಿ ಬರೆದ ಯೇನಾದ ಬೋಧಕ ಮಾರ್ಟಿನ್ ರೈನ್‌ಹಾರ್ಟ್ ಕಾರ್ಲ್‌ಸ್ಟಾಟ್‌ನ ಕಡೆಯವನು. ಅದು ತನ್ನ ಹೆಸರು ಕೆಡಿಸಲು ಬರೆದದ್ದೆಂದು ಲೂಥರ್ ದೂರಿದ. ‘ಅರ್ರಾಬೋ’ ಕಾರ್ಲ್‌ಸ್ಟಾಟ್‌ನ ಅರ್ಥವೇ ಹೊರತು ಲೂಥರನದೂ ಹೌದೆನ್ನಲು ಆಧಾರ ಸಾಲದು. ಲೂಥರ್ ಬರಿಯ ಸವಾಲು ಹಾಕಿದ್ದು, ಎದುರಿನವನು ಅದನ್ನು ಜಾಣತನದಿಂದ ಕರಾರಾಗಿಸಿದ್ದು ಎಂಬ ಓದೂ ಸಾಧ್ಯ, ನಾನದನ್ನು ತಳ್ಳಿಹಾಕಲಾರೆ.

ಕನ್ನಡದಲ್ಲಿ ಸಂಚಕಾರಕ್ಕೆ ಕೇಡು ಎಂಬ ಅರ್ಥವೂ ಇದೆ. ಮುಂದಾದದ್ದು ಅದೇ. ಸೆಪ್ಟೆಂಬರಿನಲ್ಲಿ ಕಾರ್ಲ್‌ಸ್ಟಾಟ್‌ಗೆ ಸ್ಯಾಕ್ಸನಿಯಿಂದ ಗಡೀಪಾರು; ರೈನ್‌ಹಾರ್ಟ್‌ಗೂ ಯೇನಾ ತಪ್ಪಿತು. ಈ ಆಜ್ಞೆಯಲ್ಲಿ ಲೂಥರನ ಪಾಲೆಷ್ಟು, ಅರಸರದೆಷ್ಟು ಎಂಬುದು ಬೇರೆಯೇ ಚರ್ಚೆ. 1525ರ ರೈತದಂಗೆಯ ನಂತರ ದಿಕ್ಕೆಟ್ಟು ಬಂದ ಕಾರ್ಲ್‌ಸ್ಟಾಟ್‌ನನ್ನು ಲೂಥರ್ ತನ್ನ ಮನೆಯಲ್ಲೇ ಇರಿಸಿಕೊಂಡ. ಸ್ಯಾಕ್ಸನಿಯಲ್ಲಿ ನೆಲೆಸಲು ಕಾರ್ಲ್‌ಸ್ಟಾಟ್ ಒಪ್ಪಬೇಕಾದ ಷರತ್ತು ಒಂದಿತ್ತು: ಇನ್ನು ಬೋಧಿಸಬಾರದು, ಬರೆಯಬಾರದು.