ಐವತ್ತೆರಡನೇ ವಯಸ್ಸಿಗೆ ಪೈಲಟ್ ಆದ ಹಡಗಿನ ಕ್ಯಾಪ್ಟನ್

1935ರ ಮೇ 15ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಪೆನ್ಸಕೋಲಾ ಅನ್ನೋ ಊರಿನ ನೌಕಾಪಡೆ ವಿಮಾನ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಪೈಲಟ್ ಆಗಿ ಪಾಸಾದ. ಹೆಸರು ವಿಲಿಯಂ ಹಾಲ್ಸಿ. ವಯಸ್ಸು 52. ಜೊತೆಗೆ ಕಲಿಯುತ್ತಿದ್ದವರೆಲ್ಲ ಮಗನ ವಯಸ್ಸಿನ ಹುಡುಗರು. ಕಲಿಸುತ್ತಿದ್ದವರು ಹುದ್ದೆಯಲ್ಲಿ ಆತನಿಗಿಂತ ಎಷ್ಟೋ ಮೆಟ್ಟಿಲು ಕೆಳಗಿನವರು. ಯಾಕಂದ್ರೆ ಹಾಲ್ಸಿ ಆಗಲೇ ನೌಕಾಪಡೆಯಲ್ಲಿ ಕ್ಯಾಪ್ಟನ್. ಸರ್ವಿಸ್‌ನ ಬಹುಪಾಲು ಡೆಸ್ಟ್ರಾಯರ್ ಅನ್ನೋ ಚಿಕ್ಕ, ವೇಗದ ಯುದ್ಧನೌಕೆಗಳ ಮೇಲೇ ಕಳೆದಿದ್ದ ಮನುಷ್ಯ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮ ಕಡೆ ಕೇಳ್ತಾರೆ. ಇಲ್ಲಿ ಮರವೇ ಬಗ್ಗಿತ್ತು. ಹಾಲ್ಸಿಗೆ ಆಸಕ್ತಿಯೂ ಇತ್ತು, ನಿಜ. ಆದರೆ ಅದರ ಹಿಂದೆ ಒಂದು ಕಾನೂನೂ ಇತ್ತು. ಆ ಕಾನೂನು ಯಾಕೆ ಬಂತು, ಅದರಿಂದ ಏನಾಯ್ತು ಅನ್ನೋ ಕಥೆ ನನಗೆ ತುಂಬ ಇಷ್ಟ. ಕೆಲಸಕ್ಕೆ ಸೇರಿದ ದಿನದಿಂದ ನಾನು ಕೇಳ್ತಾ ಬಂದಿರೋ ಒಂದು ಜಗಳಕ್ಕೂ ಅದಕ್ಕೂ ಸಂಬಂಧ ಇದೆ: ಕೋಡ್ ಬರೆಯದವರು ಕೋಡ್ ಬರೆಯೋರಿಗೆ ಮ್ಯಾನೇಜರ್ ಆಗಬಹುದಾ?

ಮೊದಲಿಂದ ಹೇಳ್ತೀನಿ. 1910ರ ನವೆಂಬರ್ 14ರಂದು ಯೂಜೀನ್ ಈಲಿ ಅನ್ನೋ ಪೈಲಟ್ ಬರ್ಮಿಂಗ್‌ಹ್ಯಾಮ್ ಅನ್ನುವ ಯುದ್ಧನೌಕೆಯ ಮೇಲೆ ಹಾಸಿದ್ದ ಮರದ ಹಲಗೆಗಳ ಮೇಲಿಂದ ವಿಮಾನ ಹಾರಿಸಿದ. ಎರಡು ತಿಂಗಳ ನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೆನ್ಸಿಲ್ವೇನಿಯಾ ಅನ್ನೋ ಹಡಗಿನ ಮೇಲೆ ಇಳಿಸಿಯೂ ತೋರಿಸಿದ. ಈಲಿ ನೌಕಾಪಡೆಯವನಲ್ಲ. ಪಡೆಯ ಒಳಗಿಂದ ಮೊದಲು ಹಾರಾಟ ಕಲಿತವನು ಥಿಯೋಡೋರ್ ಎಲಿಸನ್, 1911ರಲ್ಲಿ. ಆತ ಅಲ್ಲಿವರೆಗೆ ಸಬ್‌ಮರೀನ್ ಅಧಿಕಾರಿ. ನೀರಿನ ಕೆಳಗಿದ್ದವನು ನೇರ ಆಕಾಶಕ್ಕೆ! ಅಮೆರಿಕದ ನೌಕಾಪಡೆಯ ಪಟ್ಟಿಯಲ್ಲಿ ಪೈಲಟ್ ನಂಬರ್ 1 ಆತನೇ. ನಂಬರ್ 3 ಜಾನ್ ಟವರ್ಸ್.

ಆ ಕಾಲದಲ್ಲಿ ಹಾರೋದು ಅಂದ್ರೆ ಏನು ಅಂತ ತಿಳಿಯೋಕೆ ಟವರ್ಸ್‌ಗೆ ಆದ ಒಂದು ಅಪಘಾತ ಸಾಕು. 1913ರ ಜೂನ್ 20ರಂದು ಆತ ಪ್ರಯಾಣಿಕನಾಗಿ ಕೂತಿದ್ದ ವಿಮಾನ ಗಾಳಿಯ ಹೊಡೆತಕ್ಕೆ ಸಿಕ್ಕಿತು. ಓಡಿಸುತ್ತಿದ್ದ ವಿಲಿಯಂ ಬಿಲಿಂಗ್ಸ್ಲಿ ಸೀಟಿನಿಂದ ಎಸೆಯಲ್ಪಟ್ಟು ಸತ್ತ. ಟವರ್ಸ್ ವಿಮಾನದ ಕಂಬವೊಂದನ್ನು ಹಿಡಿದುಕೊಂಡು ಅದರ ಜೊತೆಗೇ ನೀರಿಗೆ ಬಿದ್ದು ಬದುಕಿದ. ಇಬ್ಬರಿಗೂ ಸೀಟ್ ಬೆಲ್ಟ್ ಇರಲಿಲ್ಲ. ಬೆಲ್ಟ್ ಬೇಕು ಅನ್ನೋ ಬುದ್ಧಿ ಬಂದಿದ್ದು ಆಮೇಲೆ. ನಂಬರ್ 1 ಎಲಿಸನ್ ಕೂಡ 1928ರಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡ.

ಹಡಗಿನ ಹಳಬರಿಗೆ ಇದೆಲ್ಲ ಹುಡುಗಾಟಿಕೆಯ ಹಾಗೆ ಕಂಡಿದ್ದರೆ ಆಶ್ಚರ್ಯ ಇಲ್ಲ. ಅವರಿಗೆ ನೌಕಾಪಡೆ ಅಂದ್ರೆ ದೊಡ್ಡ ಫಿರಂಗಿ ಹೊತ್ತ ಬ್ಯಾಟಲ್‌ಶಿಪ್. ಬಡ್ತಿಯ ದಾರಿಯೂ ಅದೇ. ಆದರೆ 1922ರಲ್ಲಿ ಕಲ್ಲಿದ್ದಲು ಸಾಗಿಸೋ ಒಂದು ಹಡಗನ್ನು ಮಾರ್ಪಡಿಸಿ ಲ್ಯಾಂಗ್ಲಿ ಅನ್ನೋ ಹೆಸರಿನ ಮೊದಲ ವಿಮಾನವಾಹಕ ನೌಕೆ ಮಾಡಿದರು. ಅದರ ಹಿಂದೆಯೇ ಲೆಕ್ಸಿಂಗ್ಟನ್, ಸಾರಟೋಗಾ ಅನ್ನೋ ಎರಡು ಭಾರಿ ನೌಕೆಗಳು ತಯಾರಾಗ್ತಾ ಇದ್ದವು. ಒಂದೊಂದೂ ಸುಮಾರು 270 ಮೀಟರ್ ಉದ್ದ. ಪ್ರಶ್ನೆ ಎದ್ದಿದ್ದು ಆಗ. ಇವುಗಳನ್ನು ನಡೆಸೋರು ಯಾರು?

ಲೆಕ್ಕ ಸುಲಭ, ಉತ್ತರ ಕಷ್ಟ. ಇಂಥ ನೌಕೆಗೆ ಕ್ಯಾಪ್ಟನ್ ಆಗೋಕೆ ಇಪ್ಪತ್ತು ಇಪ್ಪತ್ತೈದು ವರ್ಷದ ಸರ್ವಿಸ್ ಬೇಕು. ವಿಮಾನ ಗೊತ್ತಿದ್ದವರೆಲ್ಲ ಕಿರಿಯರು. ಟವರ್ಸ್‌ನಂಥ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರಿಗೆ ಇನ್ನೂ ಆ ಹುದ್ದೆಯ ವಯಸ್ಸು ಬಂದಿರಲಿಲ್ಲ. ಹಿರಿಯರಿಗೆ ಹಡಗು ಗೊತ್ತು, ಅಲೆ ಗೊತ್ತು, ಸಾವಿರಾರು ಜನರನ್ನು ನಡೆಸೋದು ಗೊತ್ತು. ವಿಮಾನ ಗೊತ್ತಿಲ್ಲ. ಹೊಸ ಟೆಕ್ನಾಲಜಿ ಬಂದಾಗ ಪ್ರತಿ ಕಂಪನಿಯಲ್ಲೂ ಇದೇ ಪರಿಸ್ಥಿತಿ ಅಲ್ವಾ? ಕೆಲಸ ಗೊತ್ತಿದ್ದವನಿಗೆ ಅಧಿಕಾರ ಇಲ್ಲ, ಅಧಿಕಾರ ಇದ್ದವನಿಗೆ ಕೆಲಸ ಗೊತ್ತಿಲ್ಲ.

1925ರಲ್ಲಿ ಈ ಗಲಾಟೆ ಬೀದಿಗೆ ಬಂತು. ಶೆನಂಡೋವಾ ಅನ್ನೋ ನೌಕಾಪಡೆಯ ವಾಯುನೌಕೆ ಬಿರುಗಾಳಿಗೆ ಸಿಕ್ಕಿ ಮುರಿದುಬಿತ್ತು. ಸೇನೆಯ ಬಿಲ್ಲಿ ಮಿಚೆಲ್ ಪತ್ರಿಕೆಗಳ ಮುಂದೆ ದೊಡ್ಡವರನ್ನೆಲ್ಲ ಹಿಗ್ಗಾಮುಗ್ಗಾ ಬೈದು ಕೋರ್ಟ್ ಮಾರ್ಷಲ್ ಎದುರಿಸಿದ. ಅಧ್ಯಕ್ಷ ಕೂಲಿಜ್ ಡ್ವೈಟ್ ಮಾರೋ ನೇತೃತ್ವದಲ್ಲಿ ಒಂದು ಮಂಡಳಿ ನೇಮಿಸಿದ. ಅದರ ಬೆನ್ನಿಗೇ, 1926ರ ಜೂನ್‌ನಲ್ಲಿ, ಕಾನೂನು ಬಂತು. ವಿಮಾನವಾಹಕ ನೌಕೆಯ ಕಮಾಂಡ್ ಬೇಕಾದ ಅಧಿಕಾರಿ ಪೈಲಟ್ ಆಗಿರಬೇಕು, ಇಲ್ಲವೇ ಕಡೇ ಪಕ್ಷ ಅಬ್ಸರ್ವರ್ ತರಬೇತಿ ಪಡೆದಿರಬೇಕು. ಅಬ್ಸರ್ವರ್ ಅಂದ್ರೆ ವಿಮಾನದಲ್ಲಿ ಕೂತು ದಾರಿ, ಶತ್ರು, ಸಮುದ್ರ ನೋಡೋನು. ಓಡಿಸೋದು ಬೇರೆಯವನು.

ಅಂದ್ರೆ ಕಿರಿಯರನ್ನು ಎತ್ತಿ ಮೇಲೆ ಕೂರಿಸುವ ಬದಲು ಹಿರಿಯರನ್ನು ಕ್ಲಾಸಿಗೆ ಕಳಿಸೋಣ ಅಂತ ತೀರ್ಮಾನ ಆಯ್ತು. ಜಾಣ ರಾಜಿ. ನೌಕಾಪಡೆಯ ವಿಮಾನ ವಿಭಾಗದ ಮುಖ್ಯಸ್ಥ ವಿಲಿಯಂ ಮಾಫೆಟ್ ಮೊದಲು ಬ್ಯಾಟಲ್‌ಶಿಪ್ ಕ್ಯಾಪ್ಟನ್ ಆಗಿದ್ದವನು. ಕಾನೂನಿಗೂ ನಾಲ್ಕು ವರ್ಷ ಮೊದಲೇ ತಾನೇ ಅಬ್ಸರ್ವರ್ ಆಗಿ ಪಾಸಾಗಿದ್ದ. ಆಮೇಲೆ ತನ್ನಂಥ ಹಿರಿಯರನ್ನು ಹುಡುಕಿ ಈ ಕಡೆಗೆ ಎಳೆಯೋ ಕೆಲಸ ಶುರುಮಾಡಿದ.

ಹಾಗೆ ಬಂದವರಲ್ಲಿ ಒಬ್ಬ ಅರ್ನೆಸ್ಟ್ ಕಿಂಗ್. ಡೆಸ್ಟ್ರಾಯರ್, ಸಬ್‌ಮರೀನ್ ಎರಡರಲ್ಲೂ ಹೆಸರು ಮಾಡಿದ್ದವನು. ಮುಳುಗಿದ್ದ ಎಸ್-51 ಸಬ್‌ಮರೀನನ್ನು ಮೇಲೆತ್ತಿಸಿದವನು. 1927ರ ಜನವರಿಯಲ್ಲಿ ಪೆನ್ಸಕೋಲಾಗೆ ಬಂದಾಗ ವಯಸ್ಸು 48, ಇಪ್ಪತ್ತು ಜನರ ಬ್ಯಾಚಿನಲ್ಲಿ ಕ್ಯಾಪ್ಟನ್ ಹುದ್ದೆಯವನು ಇವನೊಬ್ಬನೇ. ಮೇ ತಿಂಗಳಲ್ಲಿ ಪೈಲಟ್ ಆದ, ಮೂರು ವರ್ಷದ ನಂತರ ಲೆಕ್ಸಿಂಗ್ಟನ್ ಕೈಗೆ ಬಂತು. 1933ರಲ್ಲಿ ಆಕ್ರನ್ ವಾಯುನೌಕೆ ಸಮುದ್ರಕ್ಕೆ ಬಿದ್ದು ಮಾಫೆಟ್ ಸತ್ತಾಗ ಆತನ ಕುರ್ಚಿಗೂ ಬಂದ.

ಹಳೇ ಪೈಲಟ್‌ಗಳಿಗೆ ಹೇಗಾಗಿರಬೇಡ! ಬೆಲ್ಟ್ ಇಲ್ಲದ ಕಾಲದಿಂದ ಹಾರಿದವರು ಅವರು, ಗೆಳೆಯರನ್ನು ಕಳಕೊಂಡವರು ಅವರು. ಕುರ್ಚಿ ಮಾತ್ರ ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದವರಿಗೆ. ಹೀಗೆ ಬಂದ ಹಿರಿಯರಿಗೆ ಅವರು ‘ಜಾನಿ ಕಮ್ ಲೇಟ್ಲಿ’ ಅಂತ ಅಡ್ಡಹೆಸರಿಟ್ಟರು. ನಮ್ಮ ಮಾತಲ್ಲಿ ಹೇಳೋದಾದ್ರೆ ಊಟಕ್ಕೆ ಎಲೆ ಹಾಕಿದ ಮೇಲೆ ಬಂದವರು. ಟವರ್ಸ್‌ಗೂ ಕಿಂಗ್‌ಗೂ ಕೊನೇವರೆಗೆ ಆಗಿಬರಲಿಲ್ಲ.

ಹಾಲ್ಸಿ ಬಂದಿದ್ದು ಈ ಜಾಗಕ್ಕೆ. ಕೆಲವು ವರ್ಷ ಹಿಂದೆಯೇ ಹಾರಾಟ ಕಲಿಯೋಕೆ ಅವಕಾಶ ಬಂದಿತ್ತು, ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿದ್ದ. 1934ರಲ್ಲಿ ಕಿಂಗ್ ಒಂದು ಆಫರ್ ಕೊಟ್ಟ: ಅಬ್ಸರ್ವರ್ ಕೋರ್ಸ್ ಮುಗಿಸು, ಸಾರಟೋಗಾ ನಿನ್ನದು. ಅಷ್ಟು ಮಾಡಿದ್ದರೆ ಕಾನೂನಿಗೆ ಸಾಕಿತ್ತು. ಆದರೆ ಪೆನ್ಸಕೋಲಾಗೆ ಹೋದ ಮೇಲೆ ಆತ ಪೈಲಟ್ ಕೋರ್ಸಿಗೇ ಸೇರಿಕೊಂಡ. ಇನ್ನೊಬ್ಬ ಓಡಿಸೋ ವಿಮಾನದಲ್ಲಿ ಸುಮ್ಮನೆ ಕೂರೋದಕ್ಕಿಂತ ತಾನೇ ಓಡಿಸೋದು ಮೇಲು ಅನ್ನೋದು ಆತನ ವಾದ.

ಅಲ್ಲಿ ಒಂದು ರೂಢಿ ಇತ್ತು. ನೆಲದ ಮೇಲೆ ವಿಮಾನ ಓಡಿಸುವಾಗ ಎಡವಟ್ಟು ಮಾಡಿದ ವಿದ್ಯಾರ್ಥಿ ‘ಹಾರುವ ಕತ್ತೆ’ ಅನ್ನೋ ಬಿಲ್ಲೆ ಎದೆಗೆ ಕಟ್ಟಿಕೊಳ್ಳಬೇಕು, ಮುಂದಿನವನು ಎಡವೋವರೆಗೆ. ಹಾಲ್ಸಿ ಒಂದು ದಿನ ಮೈದಾನದ ಅಂಚಿನ ದೀಪಕ್ಕೆ ಗುದ್ದಿ ಅದನ್ನು ಗಳಿಸಿದ. ಸರದಿ ಮುಗಿದಾಗ ವಾಪಸ್ ಕೊಡಲಿಲ್ಲ. ಸಾರಟೋಗಾದ ನನ್ನ ಕ್ಯಾಬಿನ್ ಗೋಡೆಗೆ ತೂಗುಹಾಕ್ತೀನಿ, ಅಲ್ಲಿ ಯಾರಾದ್ರೂ ಎಡವಿದಾಗ ಬೈಯೋಕೆ ಮುಂಚೆ ಇದನ್ನು ನೋಡ್ತೀನಿ ಅಂದನಂತೆ. ಈ ಕೋರ್ಸಿನಲ್ಲಿ ಆತ ಕಲಿತ ಮುಖ್ಯ ಪಾಠ ಇದೇ ಇರಬಹುದು ಅಂತ ನನ್ನ ಅನಿಸಿಕೆ. 52ಕ್ಕೆ ಕಲಿತವನು ಜಗತ್ತಿನ ಶ್ರೇಷ್ಠ ಪೈಲಟ್ ಆಗಲ್ಲ. ಆದರೆ ಆ ಕೆಲಸದಲ್ಲಿ ಎಲ್ಲಿ ಎಡವುತ್ತೆ, ಎಡವಿದಾಗ ಹೊಟ್ಟೆಯಲ್ಲಿ ಏನಾಗುತ್ತೆ ಅನ್ನೋದು ಗೊತ್ತಾಗುತ್ತೆ.

ಇಲ್ಲಿಗೇ ನಿಲ್ಲಿಸಿದರೆ ಇದು ಲಿಂಕ್ಡ್‌ಇನ್‌ನಲ್ಲಿ ಓಡಾಡೋ ಸ್ಫೂರ್ತಿಯ ಪೋಸ್ಟ್ ಆಗಿಬಿಡುತ್ತೆ. ಮುಂದಿನ ಯುದ್ಧ ಅಷ್ಟು ಸರಳ ಇರಲಿಲ್ಲ.

ಯುದ್ಧ ಶುರುವಾದಾಗ ಹಾಲ್ಸಿ ಅಡ್ಮಿರಲ್. 1942ರ ಏಪ್ರಿಲ್‌ನಲ್ಲಿ ಹಾರ್ನೆಟ್ ನೌಕೆಯಿಂದ 16 ಬಾಂಬರ್‌ಗಳು ಹಾರಿ ಜಪಾನ್ ಮೇಲೆ ಬಾಂಬ್ ಹಾಕಿದವಲ್ಲ, ಆ ಪಡೆಯ ನಾಯಕ ಆತನೇ. ಆದರೆ ಮೇ ಕೊನೆಯಲ್ಲಿ, ಮಿಡ್‌ವೇ ಕದನಕ್ಕೆ ಸ್ವಲ್ಪ ಮೊದಲು, ಚರ್ಮರೋಗದಿಂದ ಆಸ್ಪತ್ರೆ ಸೇರಬೇಕಾಯ್ತು. ನಿನ್ನ ಜಾಗಕ್ಕೆ ಯಾರು ಅಂತ ಕೇಳಿದಾಗ ಹೇಳಿದ ಹೆಸರು ರೇಮಂಡ್ ಸ್ಪ್ರೂಯನ್ಸ್. ಆತ ಕ್ರೂಸರ್‌ಗಳ ಮನುಷ್ಯ, ಪೈಲಟ್ ಅಲ್ಲ. ಅಲ್ಲಿದ್ದ ಹಿರಿಯ ಅಡ್ಮಿರಲ್ ಫ್ರಾಂಕ್ ಜ್ಯಾಕ್ ಫ್ಲೆಚರ್ ಕೂಡ ಪೈಲಟ್ ಅಲ್ಲ. 1928ರಲ್ಲಿ ಅರ್ಜಿ ಹಾಕಿ ಕಣ್ಣಿನ ಕಾರಣಕ್ಕೆ ತಿರಸ್ಕೃತನಾಗಿದ್ದವನು. ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಮುಳುಗಿದ ಕದನವನ್ನು ನಡೆಸಿದ್ದು ವಿಮಾನ ಓಡಿಸಲು ಬಾರದ ಈ ಇಬ್ಬರು!

ಅದರಲ್ಲೂ ಜೂನ್ 5ರ ಘಟನೆ ನೋಡಿ. ಹಾಲ್ಸಿಯಿಂದ ಸ್ಪ್ರೂಯನ್ಸ್‌ಗೆ ಬಂದ ಮುಖ್ಯ ಸಹಾಯಕ ಮೈಲ್ಸ್ ಬ್ರೌನಿಂಗ್ ಪಕ್ಕಾ ಪೈಲಟ್. ಆತ ಒಂದು ದಾಳಿಯ ಯೋಜನೆ ಹಾಕಿದ: ಗುರಿ ದೂರ, ಬಾಂಬ್ ತಲಾ ಸುಮಾರು 450 ಕೆಜಿ. ಎಂಟರ್‌ಪ್ರೈಸ್ ನೌಕೆಯ ಪೈಲಟ್‌ಗಳು ಇಷ್ಟು ಭಾರ ಹೊತ್ತು ಅಷ್ಟು ದೂರ ಹೋದರೆ ವಾಪಸ್ ಬರೋಕೆ ಇಂಧನ ಸಾಲಲ್ಲ ಅಂದರು. ಹಿಂದಿನ ದಿನ ಗಾಯಗೊಂಡಿದ್ದ ವೇಡ್ ಮೆಕ್‌ಕ್ಲಸ್ಕಿ ಕೂಡ ಎದ್ದು ಬಂದು ವಾದಿಸಿದ. ಬ್ರೌನಿಂಗ್ ಜಗ್ಗಲಿಲ್ಲ. ಸ್ಪ್ರೂಯನ್ಸ್ ಎಲ್ಲ ಕೇಳಿಸಿಕೊಂಡು, ಪೈಲಟ್‌ಗಳು ಹೇಳಿದ ಹಾಗೇ ಆಗಲಿ ಅಂತ ತೀರ್ಮಾನ ಕೊಟ್ಟ. ಪೈಲಟ್ ಬ್ಯಾಡ್ಜ್ ಇದ್ದವನು ಲೆಕ್ಕ ತಪ್ಪಿದ್ದ, ಇಲ್ಲದವನು ಸರಿಯಾದವರ ಮಾತು ಕೇಳಿದ್ದ.

ಹಾಗಾದ್ರೆ ಕಾನೂನು ದಂಡವಾ? ಅದನ್ನೂ ಹೇಳೋಕಾಗಲ್ಲ. 1944ರ ಜೂನ್ 20ರ ಸಂಜೆ ಫಿಲಿಪ್ಪೀನ್ ಸಮುದ್ರದಲ್ಲಿ ಅಡ್ಮಿರಲ್ ಮಾರ್ಕ್ ಮಿಷರ್ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ದೂರದ ದಾಳಿಗೆ ಕಳಿಸಿದ. ವಾಪಸ್ ಬರೋ ಹೊತ್ತಿಗೆ ಕಗ್ಗತ್ತಲು, ಇಂಧನ ಖಾಲಿ. ಶತ್ರು ಸಬ್‌ಮರೀನ್ ಭಯಕ್ಕೆ ಹಡಗುಗಳೆಲ್ಲ ದೀಪ ಆರಿಸಿಕೊಂಡಿದ್ದವು. ಮಿಷರ್ ದೀಪ ಹಾಕಿಸಿದ, ಆಕಾಶಕ್ಕೆ ಸರ್ಚ್‌ಲೈಟ್ ಬಿಡಿಸಿದ. ಸುಮಾರು 80 ವಿಮಾನಗಳು ನೀರಿಗೆ ಬಿದ್ದೋ ಇಳಿಯುವಾಗ ಗುದ್ದಿಯೋ ಹಾಳಾದವು, ಆದರೆ ಜನರಲ್ಲಿ ಬಹುಪಾಲು ಉಳಿದರು. ಮಿಷರ್ 1916ರಿಂದ ಪೈಲಟ್. ಕತ್ತಲಲ್ಲಿ ಇಳಿಯೋ ಜಾಗ ಹುಡುಕೋದು ಅಂದ್ರೆ ಏನು ಅಂತ ಆತನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮತ್ತೆ ಹಾಲ್ಸಿ? 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸ್‌ನ ಪೂರ್ವಕ್ಕೆ ಆತನ ನೌಕಾದಳ ಚಂಡಮಾರುತದೊಳಕ್ಕೆ ಹೋಯಿತು. ಮೂರು ಹಡಗು ಮಗುಚಿದವು, ಸುಮಾರು 790 ಜನ ಸತ್ತರು. ಆ ಮೂರೂ ಡೆಸ್ಟ್ರಾಯರ್‌ಗಳು. ಇಂಧನ ಖಾಲಿಯಾಗಿ ಹಗುರಾಗಿದ್ದ ಹಡಗುಗಳು ಅಲೆಗೆ ತಡೆದುಕೊಳ್ಳಲಿಲ್ಲ. ತನಿಖೆ ಹಾಲ್ಸಿಯ ನಿರ್ಧಾರಗಳಲ್ಲಿ ತಪ್ಪಿದೆ ಅಂತ ಹೇಳಿತು, ಶಿಕ್ಷೆ ಆಗಲಿಲ್ಲ. ಹಗುರಾದ ಡೆಸ್ಟ್ರಾಯರ್ ಬಿರುಗಾಳಿಯಲ್ಲಿ ಹೇಗೆ ಹೊಯ್ದಾಡುತ್ತೆ ಅಂತ ಅಷ್ಟು ವರ್ಷ ಅದರ ಮೇಲೇ ಬದುಕಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಹೊಸ ಕೆಲಸ ಕಲಿಯೋಕೆ ಬೇಕಾದ ಶ್ರಮದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಹಳೇ ಕೆಲಸದ ತಿಳಿವಳಿಕೆಯೂ ಮೇಲೆ ಹೋಗ್ತಾ ಹೋಗ್ತಾ ಕೈಬಿಡುತ್ತೆ ಅನ್ನೋದನ್ನು ಯಾರೂ ಹೇಳಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ 1926ರ ಕಾನೂನಿಗಿಂತ 1944ರ ಒಂದು ನಿಯಮ ಹೆಚ್ಚು ಅರ್ಥಪೂರ್ಣ ಅನಿಸಿತು. ಆಗ ಇಡೀ ನೌಕಾಪಡೆಯ ಮುಖ್ಯಸ್ಥನಾಗಿದ್ದ ಕಿಂಗ್ ಮಾಡಿದ್ದು. ದಳದ ನಾಯಕ ಹಡಗಿನವನಾದರೆ ಆತನ ಮುಖ್ಯ ಸಹಾಯಕ ಪೈಲಟ್ ಇರಬೇಕು, ನಾಯಕ ಪೈಲಟ್ ಆದರೆ ಸಹಾಯಕ ಹಡಗಿನವನಿರಬೇಕು. ಅದರಂತೆ ಮಿಷರ್ ಪಕ್ಕಕ್ಕೆ ಡೆಸ್ಟ್ರಾಯರ್‌ಗಳಲ್ಲಿ ಹೆಸರು ಮಾಡಿದ್ದ ಆರ್ಲೀ ಬರ್ಕ್ ಬಂದ. ಇಬ್ಬರಿಗೂ ಮೊದಲು ಇಷ್ಟವಿರಲಿಲ್ಲ. ಒಬ್ಬರಿಗೊಬ್ಬರು ಒಗ್ಗಿದ ಮೇಲೆ ಒಳ್ಳೇ ಜೋಡಿ ಆಯ್ತು. ದೀಪ ಹಚ್ಚಿದ ಆ ರಾತ್ರಿ ಬರ್ಕ್ ಮಿಷರ್ ಜೊತೆಗೇ ಇದ್ದ. 48ಕ್ಕೆ ಪೈಲಟ್ ಆದ ಕಿಂಗ್‌ಗೇ ಒಂದು ವಿಷಯ ಖಾತ್ರಿ ಆಗಿರಬೇಕು: ಎರಡೂ ಕೆಲಸ ಒಂದೇ ತಲೆಯಲ್ಲಿ ಪೂರ್ತಿ ಕೂರಲ್ಲ, ಪಕ್ಕದಲ್ಲಿ ಇನ್ನೊಂದು ತಲೆ ಬೇಕು.

ಹಾಗಾಗಿ ಕೋಡ್ ಬರೆಯದ ಮ್ಯಾನೇಜರ್ ಬಗ್ಗೆ ಯಾರಾದ್ರೂ ಕೇಳಿದರೆ ನಾನು ಈಗ ಎರಡು ಪ್ರಶ್ನೆ ವಾಪಸ್ ಕೇಳ್ತೀನಿ. ಇಂಧನ ಸಾಲಲ್ಲ ಅಂತ ಹುಡುಗರು ಹೇಳಿದಾಗ ಕೇಳ್ತಾರಾ? ಪಕ್ಕದಲ್ಲಿ ಬರ್ಕ್ ಥರದವರನ್ನು ಇಟ್ಟುಕೊಂಡಿದ್ದಾರಾ?

1926ರ ಆ ನಿಯಮ ಅಮೆರಿಕದಲ್ಲಿ ಇಂದಿಗೂ ಜಾರಿಯಲ್ಲಿದೆ. ಆದರೆ ದಾರಿ ತಿರುಗಿದೆ. ಇವತ್ತು ಅಲ್ಲಿನ ವಿಮಾನವಾಹಕ ನೌಕೆಗಳ ಕ್ಯಾಪ್ಟನ್‌ಗಳು ಮೊದಲಿಂದ ವಿಮಾನದಲ್ಲೇ ಬೆಳೆದವರು. ನಡುವಯಸ್ಸಿನಲ್ಲಿ ಅವರು ಪುಸ್ತಕ ಹಿಡಿದು ಮತ್ತೆ ಕ್ಲಾಸಿಗೆ ಹೋಗ್ತಾರೆ, ಅಣು ರಿಯಾಕ್ಟರ್ ಕಲಿಯೋಕೆ. ಆಮೇಲೆ ಬೇರೊಂದು ದೊಡ್ಡ ಹಡಗು ನಡೆಸಿ ಸಮುದ್ರ ಕಲಿತು, ಆಮೇಲೆ ಆ ಕುರ್ಚಿಗೆ ಬರ್ತಾರೆ.